ಯಕೃತ್ತಿನ ಕಾಯಿಲೆಯಲ್ಲಿ ಕೊಲೆಸ್ಟ್ರಾಲ್ ಇಳಿದರೆ ಏನರ್ಥ?

ಲಿಪಿಡ್ ಪ್ರೊಫೈಲ್ ವರದಿಯ ಬಲಗಡೆ ಒಂದು ಕಾಲಂ ಇರುತ್ತದೆ. ಒಟ್ಟು ಕೊಲೆಸ್ಟ್ರಾಲ್ ಪ್ರತಿ ಡೆಸಿಲೀಟರಿಗೆ 200 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಅಪೇಕ್ಷಣೀಯ, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150ಕ್ಕಿಂತ ಕೆಳಗಿದ್ದರೆ ಸರಿ ಎಂದು ಅಲ್ಲಿ ಅಚ್ಚಾಗಿರುತ್ತದೆ. ಈ ಮಿತಿಗಳನ್ನು ಗೊತ್ತುಮಾಡಿದವರ ಲಕ್ಷ್ಯವೆಲ್ಲ ಹೃದಯದ ಮೇಲಿತ್ತು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವ ಅಪಾಯ ಎಷ್ಟು ಎಂಬ ಪ್ರಶ್ನೆಗಷ್ಟೇ ಅವು ಉತ್ತರ ಕೊಡುತ್ತವೆ. ದೀರ್ಘಕಾಲದ ಯಕೃತ್ತಿನ ಕಾಯಿಲೆ ಇರುವವರ ವರದಿಯನ್ನು ಅದೇ ಕಾಲಂ ನೋಡಿಕೊಂಡು ಓದಿದರೆ ಅರ್ಥ ತಲೆಕೆಳಗಾಗುವ ಸಾಧ್ಯತೆ ಇದೆ. ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟುವ ಕಾಯಿಲೆ ಇರುವ ಒಬ್ಬರ ಕೊಲೆಸ್ಟ್ರಾಲ್ ವರ್ಷದಿಂದ ವರ್ಷಕ್ಕೆ 210, 165, 110 ಎಂದು ಇಳಿಯುತ್ತಾ ಬಂತೆಂದು ಇಟ್ಟುಕೊಳ್ಳಿ. ಮೂರನೆಯ ವರದಿಯಲ್ಲಿ ಆ ಸಾಲಿನ ಮುಂದೆ ಎಚ್ಚರಿಕೆಯ ಗುರುತೇ ಇರುವುದಿಲ್ಲ. ಪಥ್ಯ ಫಲಿಸಿತೆಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದೂ ಸಹಜವೇ. ಪ್ರಯೋಗಾಲಯದ ವರದಿಗಳನ್ನು ಓದುವುದೇ ಕಸುಬಾಗಿರುವ ನನಗೆ ಮಾತ್ರ ಆ ಮೂರು ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಮೊದಲು ಬರುವ ಯೋಚನೆ ಪಥ್ಯದ್ದಲ್ಲ, ಯಕೃತ್ತಿನಲ್ಲಿ ಕೆಲಸ ಮಾಡಬಲ್ಲ ಜೀವಕೋಶಗಳು ಇನ್ನೆಷ್ಟು ಉಳಿದಿವೆ ಎಂಬುದರದ್ದು.

ರಕ್ತದಲ್ಲಿರುವ ಕೊಲೆಸ್ಟ್ರಾಲ್ ಎಲ್ಲವೂ ಆಹಾರದಿಂದಲೇ ಬಂದದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ನಿಜದಲ್ಲಿ ದೇಹಕ್ಕೆ ಬೇಕಾದ ಕೊಲೆಸ್ಟ್ರಾಲಿನ ಹೆಚ್ಚಿನ ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಮತ್ತು ರಕ್ತದಲ್ಲಿ ಅದರ ಮಟ್ಟ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಯಕೃತ್ತಿನದೇ ಮೇಲುಗೈ. ಕೊಲೆಸ್ಟ್ರಾಲನ್ನು ತಯಾರಿಸುವುದು, ಕೊಬ್ಬಿನ ಜೊತೆಗೆ ಅದನ್ನು ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುವುದು, ಬಳಕೆಯಾಗಿ ಮರಳಿದ ಕಣಗಳನ್ನು ಒಳಗೆಳೆದುಕೊಳ್ಳುವುದು, ಮಿಕ್ಕಿದ್ದನ್ನು ಪಿತ್ತಾಮ್ಲವಾಗಿ ಪರಿವರ್ತಿಸಿ ಕರುಳಿಗೆ ಹರಿಸುವುದು, ಇವೆಲ್ಲ ಒಂದೇ ಅಂಗದ ಕೆಲಸಗಳು. ಇದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಒಂದು ಪ್ರಬಲ ಸಾಕ್ಷ್ಯವಿದೆ. 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಅವರ ತಂಡವು ಆರು ವರ್ಷದ ಒಬ್ಬ ಬಾಲಕಿಗೆ ಹೃದಯ ಮತ್ತು ಯಕೃತ್ತು ಎರಡನ್ನೂ ಒಟ್ಟಿಗೆ ಕಸಿ ಮಾಡಿತು. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ, ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಹೆಸರಾದ ಎಲ್‌ಡಿಎಲ್ ಕಣಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳು ಆ ಮಗುವಿನ ಜೀವಕೋಶಗಳಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಗ್ರಾಹಕಗಳಿರುವ ಹೊಸ ಯಕೃತ್ತು ಬಂದ ಮೇಲೆ ಆಕೆಯ ಎಲ್‌ಡಿಎಲ್ ಶೇ 81ರಷ್ಟು ಕುಸಿಯಿತು. ಈ ಗ್ರಾಹಕಗಳನ್ನು ಗುರುತಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ ಮರುವರ್ಷ ನೊಬೆಲ್ ಪ್ರಶಸ್ತಿ ಬಂತು.

ಸಿರೋಸಿಸ್ ಎಂದರೆ ಯಕೃತ್ತಿನ ಮೆದು ಅಂಗಾಂಶದ ಜಾಗವನ್ನು ನಾರು ಮತ್ತು ಗಂಟುಗಳು ಆಕ್ರಮಿಸಿಕೊಂಡಿರುವ ಸ್ಥಿತಿ. ಕಾರಣ ಮದ್ಯವಿರಲಿ, ವೈರಸ್ ಇರಲಿ, ಕೊಬ್ಬಿನ ಯಕೃತ್ತಿರಲಿ, ಕೊನೆಗೆ ಬಂದು ಸೇರುವ ಜಾಗ ಇದೇ. ಕಾರ್ಯನಿರತ ಜೀವಕೋಶಗಳು ಕಡಿಮೆಯಾದಂತೆ ಕೊಲೆಸ್ಟ್ರಾಲಿನ ತಯಾರಿಕೆ ತಗ್ಗುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ರಕ್ತದಲ್ಲಿ ಸಾಗಬೇಕಾದರೆ ಪ್ರೋಟೀನಿನ ಆಸರೆ ಬೇಕು. ಮುಖ್ಯವಾಗಿ ಟ್ರೈಗ್ಲಿಸರೈಡನ್ನು ಹೊತ್ತು ಯಕೃತ್ತಿನಿಂದ ಹೊರಡುವ ವಿಎಲ್‌ಡಿಎಲ್ ಎಂಬ ಕಣ ಒಂದೊಂದಕ್ಕೂ ಅಪೊಬಿ-100 ಎಂಬ ಪ್ರೋಟೀನಿನ ಒಂದು ಅಣು ಇರಲೇಬೇಕು. 4,536 ಅಮೈನೋ ಆಮ್ಲಗಳ ಈ ಬೃಹತ್ ಪ್ರೋಟೀನನ್ನು ಹೆಣೆಯುವುದು ಬಳಲಿದ ಜೀವಕೋಶಕ್ಕೆ ಸುಲಭದ ಕೆಲಸವಲ್ಲ. ಯಕೃತ್ತು ತಯಾರಿಸುವ ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಕಡಿಮೆಯಾಗುವುದು ಯಾವ ಕಾರಣಕ್ಕೋ, ಅಪೊಬಿ ಮತ್ತು ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊಎ-1 ಕಡಿಮೆಯಾಗುವುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ವಿಎಲ್‌ಡಿಎಲ್ ಹೊರಬೀಳದಿದ್ದರೆ ಟ್ರೈಗ್ಲಿಸರೈಡ್ ಇಳಿಯುತ್ತದೆ. ವಿಎಲ್‌ಡಿಎಲ್ ಕರಗಿಯೇ ಎಲ್‌ಡಿಎಲ್ ಆಗಬೇಕಾದ್ದರಿಂದ ಅದೂ ಇಳಿಯುತ್ತದೆ. ಅಪೊಎ-1 ಇಲ್ಲದೆ ಎಚ್‌ಡಿಎಲ್ ಕೂಡ ಉಳಿಯುವುದಿಲ್ಲ. ಒಳ್ಳೆಯದು ಕೆಟ್ಟದ್ದೆಂದು ನಾವು ಹೆಸರಿಟ್ಟ ಎರಡೂ ಬಗೆಯ ಕೊಲೆಸ್ಟ್ರಾಲ್ ಜೊತೆಯಾಗಿ ಕುಸಿಯುವುದು ಈ ಕಾಯಿಲೆಯ ವಿಶೇಷ ಲಕ್ಷಣ. ಪಥ್ಯದಿಂದಲೋ ಔಷಧದಿಂದಲೋ ಆಗುವ ಇಳಿಕೆಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ಇಲ್ಲಿ ಎಲ್‌ಕ್ಯಾಟ್ ಎಂಬ ಕಿಣ್ವದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಾಮಾನ್ಯ ವರದಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಯಕೃತ್ತು ಈ ಕಿಣ್ವವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಬಿಡಿ ಕೊಲೆಸ್ಟ್ರಾಲಿಗೆ ಒಂದು ಕೊಬ್ಬಿನಾಮ್ಲವನ್ನು ಜೋಡಿಸಿ ಎಸ್ಟರ್ ರೂಪಕ್ಕೆ ತರುವುದು ಇದರ ಕೆಲಸ. ಆರೋಗ್ಯವಂತರ ರಕ್ತದಲ್ಲಿ ಸುಮಾರು ಶೇ 70ರಷ್ಟು ಕೊಲೆಸ್ಟ್ರಾಲ್ ಈ ಎಸ್ಟರ್ ರೂಪದಲ್ಲೇ ಇರುತ್ತದೆ. ಯಕೃತ್ತು ಸೋತಂತೆ ಕಿಣ್ವ ಕಡಿಮೆಯಾಗಿ, ಒಟ್ಟು ಕೊಲೆಸ್ಟ್ರಾಲ್ ಇಳಿಯುತ್ತಿದ್ದರೂ ಅದರೊಳಗೆ ಬಿಡಿ ಕೊಲೆಸ್ಟ್ರಾಲಿನ ಪಾಲು ಏರುತ್ತದೆ. ಎಸ್ಟರ್ ಕಣದ ಒಡಲೊಳಗೆ ಅಡಗಿರುತ್ತದೆ. ಬಿಡಿ ಕೊಲೆಸ್ಟ್ರಾಲ್ ಹಾಗಲ್ಲ, ಅದು ಕಣದ ಮೇಲ್ಮೈಯಲ್ಲಿದ್ದು, ಹತ್ತಿರ ಬಂದ ಜೀವಕೋಶಗಳ ಪೊರೆಗೆ ಸೇರಿಕೊಳ್ಳುತ್ತದೆ. ಕೆಂಪು ರಕ್ತಕಣಗಳಿಗೆ ಇದರಿಂದ ಆಗುವುದನ್ನು ಕಣ್ಣಾರೆ ನೋಡಬಹುದು. ಕಾಯಿಲೆ ಮುಂದುವರಿದ ಕೆಲವರ ರಕ್ತಲೇಪವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡನೆಯ ನುಣುಪು ಕಣಗಳ ನಡುನಡುವೆ ಅಂಚಿನಲ್ಲಿ ಒಂದಕ್ಕೊಂದು ಅಳತೆ ಕೂಡದ ಮುಳ್ಳುಗಳೆದ್ದ ಕಣಗಳು ಕಾಣುತ್ತವೆ. ಪೊರೆಯಲ್ಲಿ ಕೊಲೆಸ್ಟ್ರಾಲ್ ಅತಿಯಾಗಿ ತುಂಬಿ ಬಿರುಸಾದ ಕಣಗಳು ಅವು. ಗುಲ್ಮದ ಇಕ್ಕಟ್ಟಾದ ದಾರಿಯಲ್ಲಿ ಬಾಗಿ ಬಳುಕಿ ನುಸುಳಲಾರದೆ ಅಲ್ಲೇ ನಾಶವಾಗುತ್ತವೆ, ರಕ್ತಹೀನತೆ ಉಂಟಾಗುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಅದೇ ರಕ್ತದ ಕೆಂಪುಕಣದ ಪೊರೆಯಲ್ಲಿ ಕೊಲೆಸ್ಟ್ರಾಲ್ ಅತಿ ಹೆಚ್ಚು: ಈ ವೈಚಿತ್ರ್ಯ ಲಿಪಿಡ್ ಪ್ರೊಫೈಲಿನ ಯಾವ ಸಾಲಿನಲ್ಲೂ ಸಿಗುವುದಿಲ್ಲ. ಕಾಯಿಲೆಯ ಬಹಳ ಮುಂದುವರಿದ ಹಂತವನ್ನು ಸೂಚಿಸುವುದರಿಂದ ವೈದ್ಯರು ಇಂಥ ಕಣಗಳನ್ನು ಗಂಭೀರವಾಗಿಯೇ ಪರಿಗಣಿಸುತ್ತಾರೆ.

ಸಿರೋಸಿಸ್ ಎಷ್ಟು ಮುಂದುವರಿದಿದೆ ಎಂದು ಅಳೆಯಲು ಬಳಸುವ ಚೈಲ್ಡ್–ಪ್ಯೂ ಅಂಕದಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಅವಧಿ, ಜಲೋದರ ಮತ್ತು ಮಿದುಳಿನ ಮಂಪರು ಎಂಬ ಐದು ಅಂಶಗಳಿವೆ. ಕೊಲೆಸ್ಟ್ರಾಲ್ ಅದರಲ್ಲಿಲ್ಲ. ಆದರೂ ಎ ವರ್ಗದಿಂದ ಬಿ ವರ್ಗಕ್ಕೆ, ಬಿ ವರ್ಗದಿಂದ ಸಿ ವರ್ಗಕ್ಕೆ ಹೋದಂತೆ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಇಳಿಯುತ್ತಾ ಹೋಗುವುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಎಚ್‌ಡಿಎಲ್ ತೀರಾ ಕಡಿಮೆ ಇರುವವರಲ್ಲಿ ಸೋಂಕು ಮತ್ತು ಸಾವಿನ ಅಪಾಯ ಹೆಚ್ಚು ಎಂಬುದೂ ಗೊತ್ತಾಗಿದೆ. ಎಚ್‌ಡಿಎಲ್ ಕೊಲೆಸ್ಟ್ರಾಲನ್ನು ಹೊತ್ತು ತರುವುದಷ್ಟನ್ನೇ ಮಾಡುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೋರಿ ಬರುವ ಬ್ಯಾಕ್ಟೀರಿಯಾಗಳ ವಿಷವಸ್ತುವಿಗೆ ಅಂಟಿಕೊಂಡು ಅದರ ತೀವ್ರತೆಯನ್ನು ತಗ್ಗಿಸುತ್ತದೆ. ಸಿರೋಸಿಸ್‌ನಲ್ಲಿ ಕರುಳಿನ ತಡೆಗೋಡೆ ಸಡಿಲಗೊಂಡು ಈ ಸೋರಿಕೆ ಹೆಚ್ಚುತ್ತದೆ, ಅದೇ ಹೊತ್ತಿಗೆ ರಕ್ಷಣೆಗಿದ್ದ ಎಚ್‌ಡಿಎಲ್ ಕಡಿಮೆಯಾಗುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ಕಾರ್ಟಿಸೋಲ್ ಹಾರ್ಮೋನನ್ನು ತಯಾರಿಸಲು ರಕ್ತದ ಕೊಲೆಸ್ಟ್ರಾಲನ್ನೇ ಕಚ್ಚಾವಸ್ತುವಾಗಿ ಬಳಸುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ತೀವ್ರ ಯಕೃತ್ತಿನ ಕಾಯಿಲೆಯಲ್ಲಿ ಈ ಗ್ರಂಥಿ ಸೊರಗಿ, ರಕ್ತದೊತ್ತಡ ಮೇಲೇರದೆ ಉಳಿಯುವುದಕ್ಕೆ ಕೊಲೆಸ್ಟ್ರಾಲಿನ ಕೊರತೆಯೂ ಒಂದು ಕಾರಣವಿರಬಹುದೆಂಬ ಅಭಿಪ್ರಾಯವಿದೆ. ಹಾಗಾಗಿ ಸಿರೋಸಿಸ್ ಇರುವವರ ವರದಿಯಲ್ಲಿ ಕೊಲೆಸ್ಟ್ರಾಲ್ 100ರ ಆಸುಪಾಸಿಗೆ ಬಂದಿದ್ದರೆ, ಅದನ್ನು ಆಲ್ಬುಮಿನ್ ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಅವಧಿಯ ಅಳತೆ) ಸಾಲುಗಳ ಜೊತೆಗಿಟ್ಟು ಓದಬೇಕೇ ಹೊರತು ಹೃದಯದ ಲೆಕ್ಕದಲ್ಲಿ ಜಮೆ ಮಾಡಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಸಂಪೂರ್ಣ ವಿರುದ್ಧವಾದ ಇನ್ನೊಂದು ಚಿತ್ರವಿದೆ. ಪಿತ್ತರಸ ಹರಿಯುವ ದಾರಿಯೇ ಕಟ್ಟಿಹೋಗುವ ಕಾಯಿಲೆಗಳಲ್ಲಿ, ಅಂದರೆ ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಮಾಡುವ ಪಿಬಿಸಿ, ದೊಡ್ಡ ನಾಳಗಳು ಅಲ್ಲಲ್ಲಿ ಕಿರಿದಾಗುವ ಪಿಎಸ್‌ಸಿ, ಇಲ್ಲವೇ ಕಲ್ಲು ಅಥವಾ ಗಡ್ಡೆಯಿಂದಾಗುವ ಅಡಚಣೆ, ಇಂಥವುಗಳಲ್ಲಿ ಕೊಲೆಸ್ಟ್ರಾಲ್ ಇಳಿಯುವುದಿಲ್ಲ, ಏರುತ್ತದೆ. ಕೆಲವರಲ್ಲಿ 1,000 ದಾಟುವುದೂ ಉಂಟು. ಕೊಲೆಸ್ಟ್ರಾಲ್ ದೇಹದಿಂದ ಹೊರಹೋಗಲು ಇರುವ ಮುಖ್ಯ ದಾರಿ ಪಿತ್ತರಸ. ಅದು ಮುಚ್ಚಿದಾಗ ಕರುಳಿಗೆ ಇಳಿಯಬೇಕಾಗಿದ್ದ ಫಾಸ್ಫೊಲಿಪಿಡ್ ಮತ್ತು ಬಿಡಿ ಕೊಲೆಸ್ಟ್ರಾಲ್ ಹಿಂದಕ್ಕೆ ತಿರುಗಿ ರಕ್ತವನ್ನು ಸೇರುತ್ತವೆ, ಮತ್ತು ಅಲ್ಲಿ ಲೈಪೊಪ್ರೋಟೀನ್-ಎಕ್ಸ್ ಎಂಬ ಅಸಹಜ ಕಣಗಳಾಗಿ ರೂಪುಗೊಳ್ಳುತ್ತವೆ. ಈ ಕಣದಲ್ಲಿ ಪ್ರೋಟೀನು ಅತ್ಯಲ್ಪ, ಅದರಲ್ಲೂ ಆಲ್ಬುಮಿನ್ನಿನದು ದೊಡ್ಡ ಪಾಲು. ಎಲ್‌ಡಿಎಲ್‌ಗೆ ಗುರುತಿನ ಚೀಟಿಯಂತಿರುವ ಅಪೊಬಿ ಇದರಲ್ಲಿ ಇಲ್ಲ. ಆದ್ದರಿಂದ ಎಲ್‌ಡಿಎಲ್ ಗ್ರಾಹಕಗಳು ಇದನ್ನು ಗುರುತಿಸಿ ಒಳಗೆ ಸೇರಿಸಿಕೊಳ್ಳುವುದಿಲ್ಲ, ಕಣಗಳು ರಕ್ತದಲ್ಲೇ ಉಳಿಯುತ್ತವೆ.

ತೊಂದರೆ ಇರುವುದು ಪ್ರಯೋಗಾಲಯದ ಲೆಕ್ಕದಲ್ಲಿ. ಎಲ್‌ಡಿಎಲ್ ಅನ್ನು ಅನೇಕ ಕಡೆ ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದು, ಉಳಿದದ್ದನ್ನು ಎಲ್‌ಡಿಎಲ್ ಎಂದು ಬರೆಯುತ್ತಾರೆ. ಟ್ರೈಗ್ಲಿಸರೈಡ್ 400 ಮೀರಿದರೆ ಈ ಸೂತ್ರ ನಿಲ್ಲುವುದಿಲ್ಲ ಎಂಬುದು ಪ್ರಯೋಗಾಲಯದವರಿಗೆಲ್ಲ ತಿಳಿದ ಸಂಗತಿ. ಆದರೆ ಲೈಪೊಪ್ರೋಟೀನ್-ಎಕ್ಸ್ ಇದ್ದಾಗ ಅದರೊಳಗಿನ ಕೊಲೆಸ್ಟ್ರಾಲ್ ಪೂರ್ತಿಯಾಗಿ ಎಲ್‌ಡಿಎಲ್ ಖಾತೆಗೆ ಬಿದ್ದುಬಿಡುತ್ತದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ವರದಿಯಲ್ಲಿ ಎಲ್‌ಡಿಎಲ್ 600 ಎಂದು ಬಂದಿದ್ದರೂ ನಿಜವಾದ ಎಲ್‌ಡಿಎಲ್ ಅದರಲ್ಲಿ ಒಂದು ಸಣ್ಣ ಅಂಶವಿರಬಹುದು. ಸಂಶಯ ಬಂದಾಗ ಅಪೊಬಿಯನ್ನು ಅಳೆದು ನೋಡುವುದು ಸರಳ ಉಪಾಯ: ಎಲ್‌ಡಿಎಲ್ ಅಷ್ಟೊಂದು ಹೆಚ್ಚಿದ್ದು ಅಪೊಬಿ ಅದಕ್ಕೆ ತಕ್ಕಂತೆ ಹೆಚ್ಚಿರದಿದ್ದರೆ ಲೈಪೊಪ್ರೋಟೀನ್-ಎಕ್ಸ್ ಎಂದು ಅನುಮಾನಿಸಬೇಕು. ಪರೀಕ್ಷಾ ನಳಿಕೆಯನ್ನು ಬೆಳಕಿಗೆ ಹಿಡಿದರೂ ಒಂದು ಸುಳಿವು ಸಿಗುತ್ತದೆ. ಟ್ರೈಗ್ಲಿಸರೈಡ್ ವಿಪರೀತವಾಗಿರುವವರ ಸೀರಮ್ ಬೆಳ್ಳಗೆ ಮಬ್ಬಾಗಿರುತ್ತದೆ, ನಳಿಕೆಯ ಆಚೆ ಹಿಡಿದ ಅಕ್ಷರ ಕಾಣುವುದಿಲ್ಲ. ಲೈಪೊಪ್ರೋಟೀನ್-ಎಕ್ಸ್ ತುಂಬಿದ ಸೀರಮ್ ಬಿಲಿರುಬಿನ್ನಿನಿಂದ ಕಡು ಹಳದಿಯಾಗಿದ್ದರೂ ತಿಳಿಯಾಗಿಯೇ ಇರುತ್ತದೆ. ಕೊಲೆಸ್ಟ್ರಾಲ್ 900 ಎಂದು ಯಂತ್ರ ತೋರಿಸಿದಾಗ ಆ ತಿಳಿಯಾದ ದ್ರವವನ್ನು ನೋಡಿ, ಯಂತ್ರವೇ ಕೆಟ್ಟಿರಬೇಕೆಂದು ಮಾದರಿಯನ್ನು ಎರಡನೆಯ ಸಲ ಓಡಿಸುವ ತಂತ್ರಜ್ಞರಿದ್ದಾರೆ. ಅವರನ್ನು ನಾನು ಆಕ್ಷೇಪಿಸಲಾರೆ. ಇದೇ ಮಾದರಿಯಲ್ಲಿ ಸೋಡಿಯಂ ಕೂಡ ಹುಸಿಯಾಗಿ ಕಡಿಮೆ ತೋರಬಹುದು, ಏಕೆಂದರೆ ಮಾದರಿಯನ್ನು ತೆಳುಗೊಳಿಸಿ ಅಳೆಯುವ ವಿಧಾನದಲ್ಲಿ ಕೊಬ್ಬು ಆಕ್ರಮಿಸಿದ ಜಾಗವನ್ನೂ ನೀರಿನ ಜಾಗವೆಂದೇ ಲೆಕ್ಕ ಹಿಡಿಯಲಾಗುತ್ತದೆ.

ಇಂಥ ರೋಗಿಗಳ ಕಣ್ಣರೆಪ್ಪೆಯ ಒಳಮೂಲೆಯಲ್ಲಿ ಹಳದಿ ಉಬ್ಬುಗಳು, ಅಂಗೈಯ ಗೆರೆಗಳುದ್ದಕ್ಕೂ ಹಳದಿ ಪಟ್ಟೆಗಳು ಮೂಡುವುದುಂಟು. ನೋಡಿದವರು ಹೃದಯಾಘಾತ ಇನ್ನೇನು ಬಂದೇಬಿಟ್ಟಿತು ಎಂದು ಭಯಪಡುತ್ತಾರೆ. ಆದರೆ ಪಿಬಿಸಿಯಲ್ಲಿ ಕೊಲೆಸ್ಟ್ರಾಲ್ ಏರಿರುವ ಪ್ರಮಾಣಕ್ಕೆ ತಕ್ಕಂತೆ ಹೃದಯದ ಅಪಾಯ ಏರಿರುವುದು ಸ್ಪಷ್ಟವಾಗಿ ಕಂಡುಬಂದಿಲ್ಲ. ಕಾಯಿಲೆಯ ಆರಂಭದಲ್ಲಿ ಎಚ್‌ಡಿಎಲ್ ಕೂಡ ಹೆಚ್ಚಿರುತ್ತದೆ. ಬೊಜ್ಜು, ಮಧುಮೇಹ, ಧೂಮಪಾನ, ರಕ್ತದೊತ್ತಡದಂಥ ಬೇರೆ ಕಾರಣಗಳು ಸೇರಿದ್ದರೆ ಅವರ ಲೆಕ್ಕ ಬೇರೆಯೇ. ಈ ರೋಗಿಗಳಲ್ಲಿ ಅಂಕಿಗಿಂತ ಹೆಚ್ಚು ಗಮನ ಕೊಡಬೇಕಾದ ಒಂದು ವಿಷಯವೆಂದರೆ ಪಿತ್ತಾಮ್ಲ ಕರುಳಿಗೆ ತಲುಪದೆ ಕೊಬ್ಬು ಜೀರ್ಣವಾಗದಿರುವುದು, ಅದರಿಂದ ಎ, ಡಿ, ಇ, ಕೆ ಜೀವಸತ್ವಗಳ ಕೊರತೆ ಉಂಟಾಗುವುದು. ವಿಟಮಿನ್ ಇ ರಕ್ತದಲ್ಲಿ ಕೊಬ್ಬಿನ ಕಣಗಳ ಜೊತೆಯಲ್ಲೇ ಸಾಗುವುದರಿಂದ, ಕೊಲೆಸ್ಟ್ರಾಲ್ ಏರಿದ್ದಾಗ ಅದರ ಅಂಕಿ ಸರಿಯಾಗಿಯೇ ಇದ್ದರೂ ದೇಹದಲ್ಲಿ ಕೊರತೆ ಇರಬಹುದು.

ಕೊಬ್ಬಿನ ಯಕೃತ್ತು ಈಗ ಎಲ್ಲರ ಬಾಯಲ್ಲೂ ಇರುವ ಹೆಸರು. ಮದ್ಯದ ಸಂಬಂಧವಿಲ್ಲದೆ, ಇನ್ಸುಲಿನ್ ಪ್ರತಿರೋಧದ ಜೊತೆಗೆ ಬರುವ ಈ ಕಾಯಿಲೆಗೆ 2023ರಿಂದ ಎಂಎಎಸ್‌ಎಲ್‌ಡಿ ಎಂಬ ಹೊಸ ಹೆಸರು ಬಂದಿದೆ. ಯಕೃತ್ತಿನಲ್ಲಿ ಸೇರಿದ ಕೊಬ್ಬು ಎಲ್ಲಿಂದ ಬಂತೆಂದು ಗುರುತು ಹಚ್ಚಿದ ಅಣುಗಳ ಮೂಲಕ ಪತ್ತೆ ಮಾಡಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ 59ರಷ್ಟು ದೇಹದ ಕೊಬ್ಬಿನ ಸಂಗ್ರಹದಿಂದ ಹರಿದು ಬಂದ ಕೊಬ್ಬಿನಾಮ್ಲಗಳಿಂದ, ಶೇ 26ರಷ್ಟು ಯಕೃತ್ತೇ ಹೊಸದಾಗಿ ತಯಾರಿಸಿಕೊಂಡದ್ದರಿಂದ, ಕೇವಲ ಶೇ 15ರಷ್ಟು ನೇರವಾಗಿ ಆಹಾರದ ಕೊಬ್ಬಿನಿಂದ ಬಂದದ್ದೆಂದು ಕಂಡುಬಂತು. ಹೀಗೆ ತುಂಬಿಕೊಂಡ ಯಕೃತ್ತು ತನ್ನ ಹೊರೆಯನ್ನು ದೊಡ್ಡ ದೊಡ್ಡ ವಿಎಲ್‌ಡಿಎಲ್ ಕಣಗಳ ರೂಪದಲ್ಲಿ ರಕ್ತಕ್ಕೆ ತಳ್ಳುತ್ತದೆ. ಪರಿಣಾಮವಾಗಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ತಗ್ಗುತ್ತದೆ, ಎಲ್‌ಡಿಎಲ್ ಅಂಕಿ ಹೆಚ್ಚೇನೂ ಬದಲಾಗದಿದ್ದರೂ ಕಣಗಳು ಚಿಕ್ಕದಾಗಿ, ದಟ್ಟವಾಗಿ, ರಕ್ತನಾಳಕ್ಕೆ ಹೆಚ್ಚು ಹಾನಿಕರವಾಗುತ್ತವೆ. ಇವರ ವಿಷಯದಲ್ಲಿ ಹೃದಯದ ಭಯ ಪೂರ್ತಿ ನ್ಯಾಯವಾದದ್ದು. ಈ ಕಾಯಿಲೆ ಇರುವವರ ಸಾವಿಗೆ ಯಕೃತ್ತಿಗಿಂತ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಹೆಚ್ಚು ಸಲ ಕಾರಣವಾಗುತ್ತದೆ.

ಕೊಬ್ಬನ್ನು ಹೊರಹಾಕುವ ಈ ಕೆಲಸವೇ ಕುಂಟಿದರೆ ಏನಾಗುತ್ತದೆ ಎಂಬುದಕ್ಕೆ ಟಿಎಂ6ಎಸ್‌ಎಫ್2 ಎಂಬ ವಂಶವಾಹಿಯ ಒಂದು ಬದಲಾದ ರೂಪ ಒಳ್ಳೆಯ ನಿದರ್ಶನ. ಅದನ್ನು ಹೊತ್ತವರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚು, ನಾರುಗಟ್ಟುವ ಅಪಾಯವೂ ಹೆಚ್ಚು. ಆದರೆ ರಕ್ತದ ಟ್ರೈಗ್ಲಿಸರೈಡ್ ಮತ್ತು ಎಲ್‌ಡಿಎಲ್ ಕಡಿಮೆ, ಹೃದಯಕ್ಕೆ ಒಂದಿಷ್ಟು ರಕ್ಷಣೆ. ಕೊಬ್ಬಿನ ಯಕೃತ್ತು ವರ್ಷಗಳ ನಂತರ ಸಿರೋಸಿಸ್ಸಿಗೆ ತಿರುಗಿದಾಗ ಏರಿದ್ದ ಟ್ರೈಗ್ಲಿಸರೈಡ್ ತಾನಾಗಿ ಇಳಿಯತೊಡಗುತ್ತದೆ. ತೂಕ ಇಳಿಸದೆ, ಔಷಧ ಬದಲಿಸದೆ ವರದಿ ಸುಧಾರಿಸಿದ್ದರೆ ಅನುಮಾನ ಪಡಬೇಕು, ಪ್ಲೇಟ್‌ಲೆಟ್ ಸಂಖ್ಯೆಯನ್ನೂ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಫಲಿತಾಂಶವನ್ನೂ ಮತ್ತೆ ನೋಡಬೇಕು.

ಉಳಿದ ಕಾರಣಗಳನ್ನು ಚುಟುಕಾಗಿ ಹೇಳಬಹುದು. ಮದ್ಯಪಾನ ಮೊದಮೊದಲು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಎರಡನ್ನೂ ಏರಿಸುತ್ತದೆ, ಸಿರೋಸಿಸ್ ಬಂದ ಮೇಲೆ ಎರಡೂ ಬೀಳುತ್ತವೆ. ಕುಡಿಯುವವರ ಎಚ್‌ಡಿಎಲ್ ಚೆನ್ನಾಗಿದೆ ಎಂದು ಬೀಗುವುದರಲ್ಲಿ ಅರ್ಥವಿಲ್ಲ. ಹೆಪಟೈಟಿಸ್ ಸಿ ವೈರಸ್ ಯಕೃತ್ತಿನ ವಿಎಲ್‌ಡಿಎಲ್ ತಯಾರಿಕೆಯ ವ್ಯವಸ್ಥೆಯನ್ನೇ ಬಳಸಿಕೊಂಡು ಹೊರಬರುವುದರಿಂದ ಸೋಂಕಿತರ, ಅದರಲ್ಲೂ ವೈರಸ್ಸಿನ ಮೂರನೆಯ ಜೀನೋಟೈಪ್ (ತಳಿ) ತಗುಲಿದವರ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಈಗಿನ ಮಾತ್ರೆಗಳಿಂದ ವೈರಸ್ ಪೂರ್ತಿ ಹೋದ ಮೇಲೆ ಎಲ್‌ಡಿಎಲ್ ಏರುವುದು ಔಷಧದ ದೋಷವಲ್ಲ. ವೈರಸ್ ಮುಚ್ಚಿಟ್ಟಿದ್ದ ಮಟ್ಟ ಬಯಲಾಗುವುದು, ಅಷ್ಟೆ. ತೆಳ್ಳಗಿರುವ ಮಗುವಿನಲ್ಲೋ ಯುವಕರಲ್ಲೋ ಕೊಬ್ಬಿನ ಯಕೃತ್ತು, ಹೆಚ್ಚಿನ ಎಲ್‌ಡಿಎಲ್ ಮತ್ತು ಕಡಿಮೆ ಎಚ್‌ಡಿಎಲ್ ಮೂರೂ ಒಟ್ಟಿಗೆ ಕಂಡರೆ ಲೈಸೊಸೋಮಲ್ ಆಸಿಡ್ ಲೈಪೇಸ್ ಎಂಬ ಕಿಣ್ವದ ಕೊರತೆಯನ್ನು ನೆನೆಯಬೇಕು. ಅಪರೂಪದ್ದಾದರೂ ಚಿಕಿತ್ಸೆ ಇರುವ ಕಾಯಿಲೆ ಅದು.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ವಿಷಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಯಕೃತ್ತಿನ ಕಿಣ್ವವಾದ ಎಎಲ್‌ಟಿ ಸ್ವಲ್ಪ ಹೆಚ್ಚಿದೆ ಎಂಬ ಕಾರಣಕ್ಕೆ ಕೊಬ್ಬಿನ ಯಕೃತ್ತಿನವರಿಗೆ ಸ್ಟಾಟಿನ್ ನಿಲ್ಲಿಸುವುದು ಮೊದಲನೆಯದು. ಈ ಮಾತ್ರೆಗಳಿಂದ ಗಂಭೀರ ಯಕೃತ್ ಹಾನಿ ಬಹಳ ಅಪರೂಪವಾದ್ದರಿಂದ, ನಿಯತವಾಗಿ ಯಕೃತ್ತಿನ ಕಿಣ್ವಗಳನ್ನು ಪರೀಕ್ಷಿಸುತ್ತಿರಬೇಕೆಂಬ ಸೂಚನೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಕೈಬಿಟ್ಟಿತು. ಆರಂಭಿಕ, ಸ್ಥಿರವಾದ ಸಿರೋಸಿಸ್‌ನಲ್ಲೂ ಅಗತ್ಯವಿದ್ದವರಿಗೆ ಕೊಡಬಹುದು. ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡವನ್ನು ಸಿಂವಾಸ್ಟಾಟಿನ್ ಎಂಬ ಸ್ಟಾಟಿನ್ ಸ್ವಲ್ಪ ತಗ್ಗಿಸುತ್ತದೆ ಎಂಬುದೂ ತಿಳಿದಿದೆ. ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು: ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ದೊಡ್ಡ ಪ್ರಮಾಣವನ್ನು ಕಾಮಾಲೆ, ಜಲೋದರ ಕಾಣಿಸಿಕೊಂಡ ಮೇಲೂ ಹಾಗೆಯೇ ಮುಂದುವರಿಸುವುದು. ಯಕೃತ್ತು ಔಷಧವನ್ನು ವಿಲೇವಾರಿ ಮಾಡಲಾರದೆ ರಕ್ತದಲ್ಲಿ ಅದರ ಮಟ್ಟ ಏರಿ ಸ್ನಾಯುಗಳು ಒಡೆಯುವ ಅಪಾಯವಿದೆ. ತೀವ್ರ ಕಾಯಿಲೆಯವರಿಗೆ ದಿನಕ್ಕೆ 40 ಮಿಲಿಗ್ರಾಂ ಸಿಂವಾಸ್ಟಾಟಿನ್ ಕೊಟ್ಟ ಪ್ರಯೋಗಗಳಲ್ಲಿ ಹೀಗಾಗಿದೆ. ಪೋರ್ಟಲ್ ಒತ್ತಡದ ಕುರಿತು ತಜ್ಞರು ರೂಪಿಸಿದ ಏಳನೆಯ ಬವೇನೊ ಒಮ್ಮತದ ಪ್ರಕಾರ ಚೈಲ್ಡ್–ಪ್ಯೂ ಬಿ ಮತ್ತು ಸಿ ವರ್ಗದವರಿಗೆ ಸಿಂವಾಸ್ಟಾಟಿನ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು, ಸಿ ವರ್ಗದಲ್ಲಿ ಪ್ರಯೋಜನ ಇನ್ನೂ ಸಿದ್ಧವಾಗಿಲ್ಲ. ಪ್ರಮಾಣ ಬದಲಿಸುವ, ನಿಲ್ಲಿಸುವ ತೀರ್ಮಾನ ಚಿಕಿತ್ಸೆ ಕೊಡುತ್ತಿರುವ ವೈದ್ಯರದ್ದೇ ಆಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಪಥ್ಯದ ಮಾತೂ ಇಲ್ಲಿಗೇ ಸೇರಿದ್ದು. ಯಕೃತ್ತಿನ ಕಾಯಿಲೆ ಎಂದೊಡನೆ ಎಣ್ಣೆ, ತುಪ್ಪ, ಮೊಟ್ಟೆಗಳನ್ನೆಲ್ಲ ನಿಲ್ಲಿಸಿ ಬರೀ ಗಂಜಿಯ ಮೇಲೆ ಇಡುವವರಿದ್ದಾರೆ. ಕೊಬ್ಬಿನ ಯಕೃತ್ತಿನ ಆರಂಭದಲ್ಲಿ ತೂಕ ಇಳಿಸುವುದು ಒಳ್ಳೆಯದೇ. ಆದರೆ ಮುಂದುವರಿದ ಸಿರೋಸಿಸ್‌ನಲ್ಲಿ ಸ್ನಾಯುಗಳು ಕರಗುವುದೇ ದೊಡ್ಡ ಅಪಾಯ. ಸ್ಥೂಲಕಾಯವಿಲ್ಲದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, ಸುಮಾರು 35 ಕಿಲೋಕ್ಯಾಲರಿ ಶಕ್ತಿ ಬೇಕು, ಮಲಗುವ ಮುನ್ನ ಒಂದಿಷ್ಟು ಆಹಾರವೂ ಬೇಕು. ಅಷ್ಟು ಶಕ್ತಿಯನ್ನು ಕೊಬ್ಬಿಲ್ಲದೆ ಒದಗಿಸುವುದು ಕಷ್ಟ. ಕೊಲೆಸ್ಟ್ರಾಲ್ 110 ಇರುವವರಿಗೆ ಕೊಲೆಸ್ಟ್ರಾಲಿನ ಹೆಸರಿನಲ್ಲಿ ಪಥ್ಯ ಹೇರುವುದು ನನ್ನ ಮಟ್ಟಿಗೆ ಕ್ರೌರ್ಯ.

ಯಕೃತ್ತು ಕಸಿಯಾದ ಮೇಲೆ ಚಿತ್ರ ಮತ್ತೆ ಬದಲಾಗುತ್ತದೆ. ಹೊಸ ಅಂಗ ಅಪೊಬಿ, ಅಪೊಎ-1, ಎಲ್‌ಕ್ಯಾಟ್ ಎಲ್ಲವನ್ನೂ ತಯಾರಿಸತೊಡಗುತ್ತದೆ, ಊಟ ರುಚಿಸತೊಡಗಿ ತೂಕ ಏರುತ್ತದೆ. ಅದರ ಮೇಲೆ ಕಸಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಸ್ಟೀರಾಯ್ಡ್, ಸೈಕ್ಲೊಸ್ಪೋರಿನ್, ಸಿರೊಲಿಮಸ್ ಮುಂತಾದ ಔಷಧಗಳೂ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡನ್ನು ಏರಿಸುತ್ತವೆ. ಇವುಗಳಲ್ಲಿ ಟ್ಯಾಕ್ರೊಲಿಮಸ್‌ನ ಪರಿಣಾಮ ಸೈಕ್ಲೊಸ್ಪೋರಿನ್‌ನಷ್ಟು ಇಲ್ಲ. ಆಗ ಸ್ಟಾಟಿನ್ ಬೇಕಾಗುವುದು ಸಾಮಾನ್ಯ. ಆದರೆ ಸೈಕ್ಲೊಸ್ಪೋರಿನ್ ಜೊತೆಗೆ ಸಿಂವಾಸ್ಟಾಟಿನ್ ಕೊಡುವಂತಿಲ್ಲ, ಅದರ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರಿಬಿಡುತ್ತದೆ. ಆದ್ದರಿಂದ ಪ್ರವಾಸ್ಟಾಟಿನ್ ಅಥವಾ ಫ್ಲುವಾಸ್ಟಾಟಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ಸ್ನಾಯುನೋವು ಕಂಡರೆ ಕೂಡಲೇ ತಿಳಿಸುವಂತೆ ರೋಗಿಗೆ ಹೇಳಿರುತ್ತಾರೆ.